ಕೈಯಲ್ಲಿ ಹಿಡಿಯಲು ಯೋಗ್ಯವಾದ ಗೆಕ್ಕೊ ಯಾವುದು?

ಹಲ್ಲಿ ಮೈಮೇಲೆ ಬಿದ್ದರೆ ಸ್ನಾನ ಮಾಡಿ ಪಂಚಾಂಗದಲ್ಲಿ ಫಲ ನೋಡುವ ಮನೆಗಳಲ್ಲಿ ಬೆಳೆದವರಿಗೆ, ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹುಟ್ಟಿದ ಮಕ್ಕಳು ಹಲ್ಲಿಯನ್ನೇ ಸಾಕುತ್ತೇವೆಂದು ಹಟ ಹಿಡಿದಾಗ ಗಾಬರಿಯಾಗುವುದು ಸಹಜ. ಆ ದೇಶಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಗೆಕ್ಕೊ ಎಂಬ ಹೆಸರಿನಿಂದ ಮಾರಾಟವಾಗುವವು ನಮ್ಮ ಗೋಡೆಯ ಹಲ್ಲಿಯ ಬಂಧುಗಳೇ ಆದರೂ ಅವುಗಳ ಸ್ವಭಾವ ಒಂದೇ ತೆರನಾಗಿಲ್ಲ. ಬಣ್ಣಕ್ಕೆ ಮರುಳಾಗಿ ಕೊಂಡು ತಂದು, ಕೊನೆಗೆ ಕೈ ಹಾಕಲು ಧೈರ್ಯವಿಲ್ಲದೆ ಗಾಜಿನ ಹೊರಗಿನಿಂದಲೇ ನೋಡುತ್ತ ಕೂರುವಂತಾಗಬಾರದೆಂದರೆ ಕೊಳ್ಳುವ ಮೊದಲೇ ಜಾತಿಯನ್ನು ವಿಚಾರಿಸಬೇಕು.

ಯಾವ ಗೆಕ್ಕೊವೂ ನಾಯಿಯಂತೆ ಮುದ್ದು ಬಯಸುವುದಿಲ್ಲ. ಒಳ್ಳೆಯ ಜಾತಿಯದು ನಮ್ಮ ಕೈಯನ್ನು ಸಹಿಸಿಕೊಳ್ಳುತ್ತದೆ, ಅಷ್ಟೆ. ಆ ಸಹನೆ ಎಷ್ಟಿದೆ ಎಂಬುದನ್ನು ಅಳೆಯಲು ನಾನು ನೋಡುವುದು ಅದರ ಕಾಲ್ಬೆರಳು, ಬಾಲ ಮತ್ತು ಚರ್ಮವನ್ನು. ಬೆರಳಿನ ಅಡಿಯಲ್ಲಿ ಅಂಟಿಕೊಳ್ಳುವ ಮೆತ್ತೆಗಳಿದ್ದರೆ ಅದು ಕೈಯಿಂದ ಜಾರಿದ ಕ್ಷಣವೇ ಗೋಡೆ ಹತ್ತಿ ಕಪಾಟಿನ ಹಿಂದೆ ಸೇರಿಕೊಳ್ಳಬಲ್ಲದು. ಬಾಲ ಸುಲಭವಾಗಿ ಕಳಚುವುದೇ, ಕಳಚಿದರೆ ಮತ್ತೆ ಬೆಳೆಯುವುದೇ ಎಂಬುದನ್ನೂ, ಬೆರಳು ತಾಗಿದರೆ ಹರಿಯುವಷ್ಟು ಚರ್ಮ ತೆಳುವಾಗಿದೆಯೇ ಎಂಬುದನ್ನೂ ತಿಳಿದುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಮೊದಲ ಬಾರಿಗೆ ಸಾಕುವವರಿಗೆ ನಾನು ಹಿಂಜರಿಯದೆ ಹೇಳುವ ಹೆಸರು ಲೆಪರ್ಡ್ ಗೆಕ್ಕೊ. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣ ಕಲ್ಲುನೆಲದ ಈ ಪ್ರಾಣಿಗೆ ಅಂಟುಮೆತ್ತೆಗಳಿಲ್ಲ, ಬರಿಯ ಉಗುರುಗಳಿವೆ. ಆದ್ದರಿಂದ ಅದು ಗಾಜನ್ನಾಗಲಿ ನುಣುಪಾದ ಗೋಡೆಯನ್ನಾಗಲಿ ಹತ್ತಲಾರದು. ನಮ್ಮ ಮನೆಹಲ್ಲಿಗೆ ಇಲ್ಲದ, ಮುಚ್ಚಿ ತೆರೆಯಬಲ್ಲ ಕಣ್ಣರೆಪ್ಪೆ ಇದಕ್ಕಿದೆ. ಅದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದನ್ನು ಕಂಡ ಮೇಲೆ ಹಲ್ಲಿಯೆಂದರೆ ಹೇಸುವವರೂ ಕೊಂಚ ಮೆತ್ತಗಾಗುತ್ತಾರೆ. ಬೆಳೆದದ್ದು ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದವಿದ್ದು ಅಂಗೈಯಲ್ಲಿ ಹಿತವಾಗಿ ಕೂರುತ್ತದೆ, ಚರ್ಮ ಗಟ್ಟಿ, ನಡಿಗೆ ನಿಧಾನ. ದಪ್ಪ ಬಾಲ ಅದರ ಕೊಬ್ಬಿನ ಉಗ್ರಾಣ. ಹೆದರಿದರೆ ಕಳಚಿಹೋಗುತ್ತದೆ, ಮತ್ತೆ ಬೆಳೆದರೂ ಮೊದಲಿನ ಅಂದ ಬರುವುದಿಲ್ಲ. ಒಳ್ಳೆಯ ಆರೈಕೆಯಲ್ಲಿ 15ರಿಂದ 20 ವರ್ಷ ಬದುಕುತ್ತದೆ, ಅಂದರೆ ಇಂದು ಕೇಳಿದ ಮಗು ಕಾಲೇಜಿಗೆ ಹೋದ ಮೇಲೆ ಅದರ ಆಹಾರವಾದ ಕ್ರಿಕೆಟ್ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ಹಾಕುವ ಕೆಲಸ ತಂದೆತಾಯಿಯರ ಪಾಲಿಗೆ ಬರಬಹುದು.

ಇದರಲ್ಲಿ ಬಣ್ಣಬಣ್ಣದ ತಳಿಗಳು ಹೇರಳವಾಗಿದ್ದು, ಎಚ್ಚರ ಬೇಕಾಗಿರುವುದೂ ಅಲ್ಲಿಯೇ. ಎನಿಗ್ಮಾ ಎಂಬ ತಳಿಯ ಹಲ್ಲಿಗಳಲ್ಲಿ ತಲೆ ವಾಲುವುದು, ನಿಂತಲ್ಲೇ ಸುತ್ತುವುದು ಮುಂತಾದ ನರಸಂಬಂಧಿ ದೋಷ ಕಾಣಿಸಿಕೊಳ್ಳುತ್ತದೆ. ಲೆಮನ್ ಫ್ರಾಸ್ಟ್ ತಳಿಯ ಬಣ್ಣಕ್ಕೆ ಕಾರಣವಾದ ಗುಣವೇ ಚರ್ಮದ ಗೆಡ್ಡೆಗಳಿಗೂ ಕಾರಣವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿ, ಅದನ್ನು ಸ್ಪಿಂಟ್1 ಎಂಬ ವಂಶವಾಹಿಯೊಂದಿಗೆ ಜೋಡಿಸಿತು. ಇವೆರಡನ್ನೂ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡವೆನ್ನಿ; ಸಾಮಾನ್ಯವಾದ ಹಳದಿ ಮೈಯ ಕಪ್ಪುಚುಕ್ಕೆಯದೇ ಸಾಕು.

ಪಶ್ಚಿಮ ಆಫ್ರಿಕಾದ ಫ್ಯಾಟ್‌ಟೇಲ್ಡ್ ಗೆಕ್ಕೊ ಇದರ ಹತ್ತಿರದ ಬಂಧು. ಇನ್ನಷ್ಟು ಸಾವಧಾನದ್ದು, ಆದರೆ ಹೆಚ್ಚು ತೇವ ಬೇಕು. ಕಾಡಿನಿಂದ ಹಿಡಿದು ತಂದವೂ ಮಾರುಕಟ್ಟೆಯಲ್ಲಿರುವುದರಿಂದ ಸಾಕಣೆಯಲ್ಲೇ ಹುಟ್ಟಿದ್ದೆಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು.

ಕ್ರೆಸ್ಟೆಡ್ ಗೆಕ್ಕೊ ಬೇರೆಯೇ ಬಗೆಯದು. ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಜೀವಿ ಅಳಿದೇಹೋಯಿತೆಂದು ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ಮತ್ತೆ ಕಂಡುಬಂದು, ಕೆಲವೇ ವರ್ಷಗಳಲ್ಲಿ ಜನಪ್ರಿಯ ಸಾಕುಪ್ರಾಣಿಯಾಯಿತು. ನೀರಿನಲ್ಲಿ ಕಲಸಿಕೊಡುವ ಹಣ್ಣಿನ ಪುಡಿಯ ಆಹಾರವನ್ನೇ ಮುಖ್ಯವಾಗಿ ತಿನ್ನುವುದರಿಂದ, ಜೀವಂತ ಹುಳುಗಳನ್ನು ಮನೆಯಲ್ಲಿಡಲು ಒಪ್ಪದವರಿಗೆ ಇದು ಅನುಕೂಲ. ಕಚ್ಚುವುದು ಅಪರೂಪ, ಆದರೆ ಯಾವ ಸೂಚನೆಯೂ ಇಲ್ಲದೆ ಹಾರುತ್ತದೆ, ಅಂಟುಪಾದದಿಂದ ಗೋಡೆಯನ್ನೂ ಹತ್ತುತ್ತದೆ, ಒಮ್ಮೆ ಕಳಚಿದ ಬಾಲ ಮತ್ತೆ ಹುಟ್ಟುವುದೇ ಇಲ್ಲ. ಬಾಲವಿಲ್ಲದೆಯೂ ಸುಖವಾಗಿಯೇ ಬದುಕುತ್ತದೆಯಾದರೂ, ತನ್ನ ಕೈಯಲ್ಲೇ ಬಾಲ ಬಿದ್ದದ್ದನ್ನು ಕಂಡ ಮಗು ಬೇಗನೆ ಸಮಾಧಾನವಾಗುವುದಿಲ್ಲ. ಇನ್ನೊಂದು ಮಾತು: 28 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಇದಕ್ಕೆ ಅಪಾಯಕಾರಿಯಾದ್ದರಿಂದ, ಟೆಕ್ಸಾಸ್‌ನಂಥ ಕಡೆ ಬೇಸಿಗೆಯಲ್ಲಿ ಎಸಿ ಆರಿಸಿ ಊರಿಗೆ ಹೊರಡುವ ಮನೆಗೆ ಇದು ಸಲ್ಲದು.

ಟೋಕೇ ಗೆಕ್ಕೊವನ್ನು ಮುಟ್ಟುವ ಆಸೆಯಿಂದ ಕೊಳ್ಳಲೇಬಾರದು. ಕಚ್ಚಿದರೆ ಹಿಡಿದ ಪಟ್ಟು ಬಿಡುವುದಿಲ್ಲ. 2019ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಎಂಬ ಜಾಗತಿಕ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣದಲ್ಲಿದೆ. ಎಳೆಹಸಿರು ಬಣ್ಣದ ಡೇ ಗೆಕ್ಕೊಗಳ ಚರ್ಮ ಹಿಡಿದರೆ ಹರಿಯುವಂಥದ್ದು, ನೋಡಿ ಸಂತೋಷಪಡಬೇಕಷ್ಟೆ. ಕರ್ನಾಟಕದಲ್ಲಿರುವವರಿಗೆ ಪ್ರಶ್ನೆಯೇ ಬೇರೆ: ಲೆಪರ್ಡ್ ಗೆಕ್ಕೊದ ಕುಲಕ್ಕೆ ಸೇರಿದ ಹಲ್ಲಿಗಳು ಭಾರತದ ಕಾಡುಗಳಲ್ಲಿಯೂ ಇರುವುದರಿಂದ, ಮಾರುವವನ ಮಾತನ್ನಷ್ಟೇ ನಂಬದೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಜಾತಿ ನಿರ್ಧಾರವಾದ ಮೇಲೆ ಮರಿಗಿಂತ ಬೆಳೆದದ್ದನ್ನೇ ಕೊಳ್ಳುವುದು ಲೇಸು, ಏಕೆಂದರೆ ಮರಿಗಳು ಬೆದರುವುದು ಹೆಚ್ಚು ಮತ್ತು ಅವುಗಳ ಮುಂದಿನ ಸ್ವಭಾವವನ್ನು ಊಹಿಸುವುದು ಕಷ್ಟ. ಮಾರುವವರು ಅದನ್ನು ನಿಮ್ಮೆದುರೇ ಕೈಗೆತ್ತಿಕೊಳ್ಳಲಿ. ಅವರೇ ಅಳುಕಿದರೆ ಮಿಕ್ಕದ್ದನ್ನು ನೀವೇ ಊಹಿಸಬಹುದು. ಕಣ್ಣು ತಿಳಿಯಾಗಿದೆಯೇ, ಲೆಪರ್ಡ್ ಗೆಕ್ಕೊ ಆದರೆ ಬಾಲ ತುಂಬಿಕೊಂಡಿದೆಯೇ, ಸೊಂಟದ ಮೂಳೆ ಎದ್ದು ಕಾಣುತ್ತಿದೆಯೇ, ಬೆರಳುಗಳಲ್ಲಿ ಹಳೆಯ ಪೊರೆ ಸಿಕ್ಕಿಕೊಂಡಿದೆಯೇ ಎಂದು ನೋಡಿ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಬಹುದಾದ್ದರಿಂದ, ಐದು ವರ್ಷದೊಳಗಿನ ಮಕ್ಕಳೂ ಅರುವತ್ತೈದು ದಾಟಿದವರೂ ಇವುಗಳಿಂದ ದೂರವಿರಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಸಲಹೆ. ಮೊಮ್ಮಕ್ಕಳನ್ನು ನೋಡಲು ಆರು ತಿಂಗಳಿಗೆಂದು ಬರುವ ಅಜ್ಜ ಅಜ್ಜಿಯರನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಿಸಿ.

ಮನೆಗೆ ತಂದ ಮೊದಲ ಎರಡು ವಾರ ಮುಟ್ಟದೆ, ಸರಿಯಾಗಿ ತಿನ್ನುತ್ತಿದೆಯೇ ಎಂದಷ್ಟೇ ಗಮನಿಸಬೇಕು. ಬಳಿಕ ಸಂಜೆಯ ಹೊತ್ತು ನೆಲದ ಮೇಲೆ ಕುಳಿತು, ಮೇಲಿನಿಂದ ಹದ್ದಿನಂತೆ ಎರಗದೆ, ಪಕ್ಕದಿಂದ ಅಂಗೈ ಚಾಚಿ, ಅದು ತಾನಾಗಿ ಹತ್ತುವವರೆಗೆ ಕಾಯಬೇಕು. ನಾಲ್ಕೂ ಕಾಲುಗಳಿಗೆ ಆಧಾರ ಸಿಗುವಂತೆ ಹಿಡಿದು, ಬಾಲವನ್ನು ಮುಟ್ಟದೆ, ಐದು ನಿಮಿಷದಲ್ಲಿ ಮರಳಿ ಬಿಟ್ಟು, ಸೋಪು ಹಚ್ಚಿ ಕೈ ತೊಳೆಯಬೇಕು. ಪೊರೆ ಬಿಡುವ ದಿನಗಳಲ್ಲಿ ಎತ್ತಿಕೊಳ್ಳುವುದು ಬೇಡ. ಲೆಪರ್ಡ್ ಗೆಕ್ಕೊ ಬಾಲವನ್ನು ಮೇಲೆತ್ತಿ ಹಾವಿನಂತೆ ನಿಧಾನವಾಗಿ ಅತ್ತಿತ್ತ ಆಡಿಸತೊಡಗಿದರೆ ಅದು ಅಂಜಿಕೆಯ ಗುರುತು. ಅಂದು ಕೈಯನ್ನು ಹಿಂದಕ್ಕೆ ತೆಗೆದು, ಮರುದಿನ ಮತ್ತೆ ಪ್ರಯತ್ನಿಸಬೇಕು.