ಮಂಗಳೂರಿನ ಹಳೆಯ ಒಂದಿಂಚಿನ ನಕ್ಷೆಯನ್ನು ಇಂದಿನ ಊರಿನ ಮೇಲೆ ಕೂರಿಸುವ ಕ್ರಮ

ಸರ್ವೆ ಆಫ್ ಇಂಡಿಯಾದ ಹಳೆಯ ಒಂದಿಂಚು-ಮೈಲಿ ನಕ್ಷೆಗಳಲ್ಲಿ ಮಂಗಳೂರು ಬರುವುದು 48 ಎಲ್/13 ಹಾಳೆಯಲ್ಲಿ. ಪ್ರಮಾಣ 1:63,360. ಪಣಂಬೂರಿನ ನವಮಂಗಳೂರು ಬಂದರು ತೆರೆದದ್ದು 1970ರ ದಶಕದಲ್ಲಿ. ಅದಕ್ಕೂ ಬಹಳ ಹಿಂದಿನ ಹಾಳೆ ಸಿಕ್ಕಿದರೆ ಬಂದರಿಗಾಗಿ ಅಗೆದ ನೆಲ ಮೊದಲು ಹೇಗಿತ್ತೆಂದು ಕಾಣಬಹುದು. ಆದರೆ ನಕ್ಷೆ ಸರಿಯಾಗಿ ಕೂತಿರಬೇಕು.

ಹಾಳೆಯನ್ನು 400 ಡಿಪಿಐಯಲ್ಲಿ (ಇಂಚಿಗೆ 400 ಚುಕ್ಕಿ) ಚಪ್ಪಟೆ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿ. ಆಗ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 4 ಮೀಟರ್. ಫೋನಿನ ಫೋಟೊ ಬೇಡ, ಅಂಚುಗಳು ಬಾಗುತ್ತವೆ.

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ, ಹಳೆಯ ನಕ್ಷೆಯನ್ನು ನೆಲಕ್ಕೆ ಹೊಂದಿಸುವ ಜಿಯೊರೆಫರೆನ್ಸರ್ ತೆರೆದ ತಕ್ಷಣ ಹೆಚ್ಚಿನವರು ರಸ್ತೆ, ಸೇತುವೆ ಹುಡುಕಿ ಹೊಂದಿಕೆಯ ಬಿಂದು ಇಡುತ್ತಾರೆ. ಕರಾವಳಿಯ ಹಾಳೆಯಲ್ಲಿ ಇದು ಕೈಕೊಡುತ್ತದೆ. ಹಾಳೆಯ ಪಶ್ಚಿಮಕ್ಕೆ ಕಾಲುಭಾಗಕ್ಕೂ ಹೆಚ್ಚು ಬರೀ ಕಡಲು. ಬಿಂದುಗಳೆಲ್ಲ ಪೂರ್ವದಲ್ಲೇ ಗುಂಪುಗೂಡಿ ಕಡಲಿನ ಕಡೆ ಹಾಳೆ ಸೊಟ್ಟಗಾಗುತ್ತದೆ. ಅಳಿವೆಬಾಗಿಲನ್ನಂತೂ ಮುಟ್ಟಬೇಡಿ, ನೇತ್ರಾವತಿ-ಗುರುಪುರ ನದಿಗಳ ಬಾಯಲ್ಲಿ ಮರಳು ಒಂದೆಡೆ ನಿಲ್ಲುವುದಿಲ್ಲ. ಅಕ್ಷಾಂಶ-ರೇಖಾಂಶದ ಗೆರೆಗಳು ಕೂಡುವ ಜಾಗಗಳನ್ನೇ ಹಿಡಿಯಿರಿ. ಈ ಹಾಳೆ ಹರಡಿರುವುದು ಅಕ್ಷಾಂಶ 12.75ರಿಂದ 13 ಡಿಗ್ರಿ, ರೇಖಾಂಶ 74.75ರಿಂದ 75 ಡಿಗ್ರಿ. ಐದೈದು ಮಿನಿಟಿಗೊಂದು (60 ಮಿನಿಟಿಗೆ ಒಂದು ಡಿಗ್ರಿ) ಗೆರೆಯಿದ್ದರೆ ನಾಲ್ಕು ಮೂಲೆಗಳೂ ಸೇರಿ 16 ಬಿಂದು ಸಿಗುತ್ತವೆ.

ಅತಿ ದೊಡ್ಡ ಎಡವಟ್ಟು ಆಗುವುದು ಮುಂದೆ. ಈ ಅಂಕಿಗಳು ಎವರೆಸ್ಟ್ ಗೋಳಾಭಕ್ಕೆ, ಅಂದರೆ ಹಳೆಯ ಸರ್ವೆ ಬಳಸಿದ ಭೂಮಿಯ ಆಕಾರದ ಲೆಕ್ಕಕ್ಕೆ ಸೇರಿದವು, ಇಂದಿನ ಜಿಪಿಎಸ್ಸಿಗಲ್ಲ. ನಿರ್ದೇಶಾಂಕ ವ್ಯವಸ್ಥೆಯನ್ನು ಕಲಿಯಾನ್‌ಪುರ 1975, ಅಂದರೆ ತಂತ್ರಾಂಶದ ಪಟ್ಟಿಯಲ್ಲಿ ಇಪಿಎಸ್‌ಜಿ 4146 ಎಂದು ಕೊಟ್ಟು, ಆಮೇಲೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ಕ್ಕೆ ಬದಲಿಸಿ. ನೇರವಾಗಿ ಡಬ್ಲ್ಯುಜಿಎಸ್ 84 ಎಂದು ನಮೂದಿಸಿದರೆ ಇಡೀ ಊರು ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಜೆಪ್ಪುವಿನಂಥ ಹೊಳೆಬದಿಯಲ್ಲಿ, ಕಟ್ಟಡ ನೀರಿಗಿಳಿಯಲು ಅಷ್ಟು ಸಾಕು.

ಪರಿವರ್ತನೆಗೆ, ಅಂದರೆ ಬಿಂದುಗಳಿಗೆ ತಕ್ಕಂತೆ ಹಾಳೆಯನ್ನು ಹೊಂದಿಸುವ ಬಗೆಗೆ, ಪಾಲಿನಾಮಿಯಲ್ 1 ಸಾಕು. ಕಾಗದ ಒಂದೊಂದು ಕಡೆ ಒಂದೊಂದು ರೀತಿ ಹಿಗ್ಗಿದ್ದರೆ ಪಾಲಿನಾಮಿಯಲ್ 2. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಇನ್ನೊಂದು ಬಗೆ ದೋಷವನ್ನು ಸೊನ್ನೆ ತೋರಿಸುತ್ತದೆ, ನಂಬಬೇಡಿ: ತಪ್ಪಾಗಿ ಇಟ್ಟ ಬಿಂದುವಿಗೂ ಅದು ಹಾಳೆಯನ್ನೇ ಎಳೆದು ಹೊಂದಿಸುತ್ತದೆ. ತುಂಡುತುಂಡಾಗಿ ಕತ್ತರಿಸಿ ಬಟ್ಟೆಗೆ ಅಂಟಿಸಿದ ಹಾಳೆಗೆ, ಸಂದುಗಳ ಬಿರುಕು ತುಂಬಲು ಮಾತ್ರ ಅದು ಬೇಕು.

ಕೂರಿಸಿದ ಮೇಲೆ ಬಿಂದುವಾಗಿ ಬಳಸದ ಜಾಗಗಳಲ್ಲಿ ಪರೀಕ್ಷಿಸಿ. ಬಾವುಟಗುಡ್ಡೆಯ ಹಳೆಯ ದೀಪಸ್ತಂಭ, ಸುಲ್ತಾನ್ ಬತ್ತೇರಿ ಇದಕ್ಕೆ ಒಳ್ಳೆಯವು. ನಕ್ಷೆಯಲ್ಲಿ ಕಾಲು ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 16 ಮೀಟರ್ ಅಗಲ, ಹಾಗಾಗಿ 20-30 ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಕಡಲದಂಡೆ ಅಷ್ಟೇ ಸರಿದಂತೆ ಕಂಡರೆ ಅದನ್ನು ಕಡಲ್ಕೊರೆತವೆಂದು ಬರೆಯಬೇಡಿ. ಉಪಗ್ರಹ ಚಿತ್ರ ಇಳಿತದ ಹೊತ್ತಿನದೋ ಭರತದ ಹೊತ್ತಿನದೋ ಎಂಬುದನ್ನೂ ನೋಡಿಕೊಳ್ಳಿ.