ಬರೆದು, ಹೇಳಿ, ತೋರಿಸಿ ಹುಡುಕುವ ಕ್ರಮ

ವಿಜಯಪುರ, ಬಾಗಲಕೋಟೆ ಭಾಗದ ದ್ರಾಕ್ಷಿ ಬೆಳೆಗಾರರು ಎಲೆಯ ಮೇಲೆ ಮಚ್ಚೆ ಕಂಡ ಕೂಡಲೇ ಮೊಬೈಲ್ ತೆರೆಯುವುದು ಈಗ ವಾಡಿಕೆ. ಅದೇ ಮೊಬೈಲಿನಲ್ಲಿ ಪ್ರಶ್ನೆಯನ್ನು ಬರೆಯಬಹುದು, ಬಾಯಿಂದ ಹೇಳಬಹುದು, ಇಲ್ಲವೇ ಚಿತ್ರ ತೆಗೆದು ತೋರಿಸಬಹುದು. ಯಾವುದರಿಂದ ಆರಂಭಿಸಬೇಕೆಂಬುದು ನಮಗೆ ಈಗಾಗಲೇ ಎಷ್ಟು ಗೊತ್ತಿದೆ ಎಂಬುದರ ಮೇಲೆ ನಿಂತಿದೆ. ಹೆಸರೇ ಗೊತ್ತಿಲ್ಲದಿದ್ದರೆ ಕ್ಯಾಮೆರಾ, ಹೆಸರು ಗೊತ್ತಿದ್ದು ಟೈಪ್ ಮಾಡುವುದು ಕಷ್ಟವಾದರೆ ಧ್ವನಿ, ಊರು, ಇಸವಿಯಂಥ ಖಚಿತ ವಿವರವಿದ್ದರೆ ಅಕ್ಷರ.

ಚಿತ್ರ ನೋಡಿ ಹುಡುಕಿಕೊಡುವ ಗೂಗಲ್ ಲೆನ್ಸ್‌ನಂಥ ಸೌಲಭ್ಯದಿಂದ ಸರಿಯಾದ ಉತ್ತರ ಸಿಗಬೇಕಾದರೆ ಚಿತ್ರ ಚೆನ್ನಾಗಿರಬೇಕು. ಇಡೀ ಬಳ್ಳಿಯ ಬದಲು ಒಂದೇ ಎಲೆಯನ್ನು ನೆರಳಿನಲ್ಲಿ ಬಿಳಿ ಹಾಳೆಯ ಮೇಲಿಟ್ಟು, ಎರಡೂ ಬದಿಯ ಚಿತ್ರ ತೆಗೆಯಿರಿ. ದ್ರಾಕ್ಷಿಗೆ ತಗಲುವ ಡೌನಿ ರೋಗದಲ್ಲಿ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಕಲೆಯಂಥ ಹಳದಿ ಮಚ್ಚೆಗಳೂ, ಅವುಗಳ ನೇರಕ್ಕೆ ಕೆಳಭಾಗದಲ್ಲಿ ಬಿಳಿ ಬೂಜೂ ಕಾಣುತ್ತವೆ. ಮೇಲ್ಭಾಗವನ್ನಷ್ಟೇ ತೋರಿಸಿದರೆ ಮುಖ್ಯ ಕುರುಹೇ ತಪ್ಪಿಹೋಗುತ್ತದೆ. ಆಮೇಲೆ ಆ ಚಿತ್ರದ ಜೊತೆಗೇ 'ದ್ರಾಕ್ಷಿ ಎಲೆ ರೋಗ' ಎಂದು ಬರೆದು ಸೇರಿಸಿ. ಚಿತ್ರ ಮತ್ತು ಪದಗಳನ್ನು ಒಟ್ಟಿಗೆ ಕೊಟ್ಟು ಹುಡುಕುವ ಈ ವ್ಯವಸ್ಥೆಯನ್ನು ಗೂಗಲ್ 2022ರಲ್ಲಿ ಮೊದಲಿಗೆ ಅಮೆರಿಕದಲ್ಲಿ ಆರಂಭಿಸಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಏಕೆಂದರೆ ಬೆಳೆ ಯಾವುದೆಂದು ತಿಳಿಸಿದ ಮೇಲೆ ಬೇರೆ ಗಿಡಗಳ ಚಿತ್ರಗಳು ಬಹುಮಟ್ಟಿಗೆ ದೂರ ಸರಿಯುತ್ತವೆ. ರೋಗದ ಹೆಸರು ಸಿಕ್ಕ ಬಳಿಕ ಆ ಹೆಸರಿನಿಂದಲೇ ಮತ್ತೊಮ್ಮೆ ಹುಡುಕಿ, ಲಕ್ಷಣಗಳನ್ನು ಎಲೆಯೊಡನೆ ಹೋಲಿಸಿ ನೋಡಿ. ಔಷಧ ಹೊಡೆಯುವ ಮುನ್ನ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸುವುದನ್ನು ದಯವಿಟ್ಟು ಬಿಡಬೇಡಿ. ಮೊಬೈಲ್ ಹೇಳುವುದು ಊಹೆಯೇ ಹೊರತು ತಪಾಸಣೆಯಲ್ಲ.

ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತನಾಡಿ ಹುಡುಕುವ ಸೌಲಭ್ಯ 2017ರಿಂದ ಇದೆ. 'ಡೌನಿ ಬಂದೈತ್ರಿ, ಏನ್ ಹೊಡೀಬೇಕು' ಎಂದು ಮನೆಮಾತಿನಲ್ಲಿ ಕೇಳಿದಾಗ ಸರಿಯಾದ ಉತ್ತರ ಬಾರದಿದ್ದರೆ, 'ದ್ರಾಕ್ಷಿ ಡೌನಿ ರೋಗ ನಿಯಂತ್ರಣ' ಎಂದು ಬಿಡಿಬಿಡಿಯಾಗಿ ಹೇಳಿ ನೋಡಿ. ಪರದೆಯ ಮೇಲೆ ಮೂಡಿದ ಅಕ್ಷರಗಳನ್ನು ಪ್ರತಿಸಲವೂ ಓದಿಕೊಳ್ಳಿ. ಊರ ಹೆಸರುಗಳಲ್ಲಂತೂ ಹೆಚ್ಚಿನ ಎಚ್ಚರ ಬೇಕು: ವಿಜಯಪುರ ಜಿಲ್ಲೆಯಲ್ಲೇ ದೇವರ ಹಿಪ್ಪರಗಿಯೂ ಹೂವಿನ ಹಿಪ್ಪರಗಿಯೂ ಇವೆ, ಕೃಷ್ಣಾ ನದಿಯ ಹಿಪ್ಪರಗಿ ಬ್ಯಾರೇಜ್ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಹೀಗಾಗಿ ಜಿಲ್ಲೆಯ ಹೆಸರನ್ನೂ ಸೇರಿಸಿಯೇ ಹೇಳಬೇಕು.

ಹಳೆಯ ದಾಖಲೆ ಬೇಕಿದ್ದರೆ ಟೈಪ್ ಮಾಡುವುದೇ ಸರಿ, ಅದೂ ಆ ಕಾಲದ ಹೆಸರಿನಿಂದ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಬಾದಾಮಿ, ಇಳಕಲ್ಲುಗಳ ಅದಕ್ಕೂ ಹಿಂದಿನ ಸಂಗತಿಗಳನ್ನು ಬಿಜಾಪುರ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ವಿಜಯಪುರ, ಬೆಳಗಾವಿ ಎಂಬ ರೂಪಗಳು ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಇಂಗ್ಲಿಷ್ ಬರಹಗಳಿಗಾಗಿ ಬಿಜಾಪುರ, ಬೆಲ್ಗಾಮ್ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು, ಕನ್ನಡದಲ್ಲಿ ಇನ್ನೊಮ್ಮೆ ಬೇರೆಯಾಗಿ ಹುಡುಕಿ. ಎರಡರ ಫಲಿತಾಂಶಗಳೂ ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ.