ಗುಳಿಗಿ ಯಾಕ ಉಳೀತು: ಹಳ್ಳಿಯಲ್ಲಿ ಕೂತು ಕೇಳುವ ಕೆಲಸ, ನನ್ನ ಅನುಭವ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಕೆಂಪು ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೂ ಮನೆಗಳಲ್ಲಿ ಮಾತ್ರೆ ಉಳಿಯುತ್ತದೆ. ಎಷ್ಟು ಉಳಿಯಿತು ಅಂತ ಎಣಿಸಿ ಹೇಳಬಹುದು. ಯಾಕೆ ಉಳಿಯಿತು ಅನ್ನುವುದನ್ನು ಕೂತೇ ಕೇಳಬೇಕು. ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ನಾನು ಹೇಗೆ ಕೇಳುತ್ತೇನೆ ಅನ್ನುವುದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಮೊದಲ ತಪ್ಪು ಆಗುವುದು ಯಾರನ್ನು ಮಾತಾಡಿಸುತ್ತೇವೆ ಎಂಬಲ್ಲಿ. ‘ನಾಲ್ಕು ಬಸುರಿಯರನ್ನ ಕರಸ್ರಿ’ ಅಂತ ಆಶಾ ಕಾರ್ಯಕರ್ತೆಗೆ ಹೇಳಿದರೆ, ತಪ್ಪದೆ ಮಾತ್ರೆ ನುಂಗುವ ನಾಲ್ವರೇ ಬಂದು ಕೂರುತ್ತಾರೆ. ನಮ್ಮನ್ನು ತಪಾಸಣೆಯವರು ಅಂದುಕೊಂಡ ಆಕೆ ಬೇರೆ ಏನು ಮಾಡಿಯಾಳು? ಹಾಗಾಗಿ ಅಂಗನವಾಡಿಯ ಪೂರ್ತಿ ಪಟ್ಟಿ ಇಟ್ಟುಕೊಂಡು, ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಕೊಡುವ ಮಾತೃಪೂರ್ಣ ಊಟಕ್ಕೆ ಬರದವರು, ಬೆಂಗಳೂರಿಗೆ ದುಡಿಯಲು ಹೋಗಿ ಬಂದವರು, ಇವರ ಹೆಸರಿಗೆ ಮೊದಲು ಗುರುತು ಹಾಕುತ್ತೇನೆ. ಊರಿಗೆ 8–10 ಆಳ ಸಂದರ್ಶನ, 3–4 ಗುಂಪು ಚರ್ಚೆ. ಗುಂಪಿನಲ್ಲಿ 6ರಿಂದ 8 ಜನ. ಸೊಸೆಯರು ಬೇರೆ, ಅತ್ತೆಯರು ಬೇರೆ. ಒಂದೊಂದು ಕೇರಿಯಲ್ಲೂ ಅಲ್ಲೇ ಕೂರಬೇಕು. ಗುಡಿಕಟ್ಟೆ ಮೇಲೆ ಚರ್ಚೆ ಇಟ್ಟರೆ ದಲಿತ ಕೇರಿಯ ಹೆಂಗಸರು ಬರುವುದಿಲ್ಲ, ಬಂದರೂ ಅಂಚಿಗೆ ಕೂತು ಸುಮ್ಮನೆ ಎದ್ದು ಹೋಗುತ್ತಾರೆ. ತಾಂಡಾದಲ್ಲಾದರೆ ಲಂಬಾಣಿ ಬಲ್ಲ ಹೆಣ್ಣುಮಗಳೇ ಕೇಳಬೇಕು.

ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ಕೂಲಿ ತಪ್ಪಿಸಿ ಯಾರನ್ನೂ ಕೂರಿಸಬಾರದು. ಸಂಜೆ ರೊಟ್ಟಿ ಬಡಿದು ಮುಗಿದ ಮೇಲಿನ ಹೊತ್ತು, ಎತ್ತು ಹೂಡದ ಅಮಾವಾಸ್ಯೆಯ ದಿನ, ಇವೆರಡು ನನಗೆ ಹೆಚ್ಚು ಕೈಗೂಡಿವೆ.

ಮನೆಗೆ ಇಬ್ಬರು ಹೋಗುತ್ತೇವೆ. ಒಬ್ಬರು ಸೊಸೆಯ ಜೊತೆ ಹಿತ್ತಲಲ್ಲಿ, ಇನ್ನೊಬ್ಬರು ಅತ್ತೆಯ ಜೊತೆ ಪಡಸಾಲೆಯಲ್ಲಿ. ಇದು ಅತ್ತೆಯನ್ನು ದೂರ ಇಡುವ ಉಪಾಯ ಅಷ್ಟೇ ಅಲ್ಲ. ಮನೆಯಲ್ಲಿ ಮಾತ್ರೆಯ ಮೇಲೆ ಮಾತು ನಡೆಯುವುದು ಅವರದೇ, ಆ ಸಂದರ್ಶನವೂ ಬೇಕು. ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತೇವೆ. ಓದು ಬರದವರು ಹೆಬ್ಬೆಟ್ಟು ಒತ್ತುವಾಗ ಓದಬಲ್ಲ ಸಾಕ್ಷಿ ಇರಬೇಕು, ಆ ಸಾಕ್ಷಿ ಆಶಾ ಅಥವಾ ನರ್ಸಮ್ಮ ಆಗಿರಬಾರದು. ಮಾತ್ರೆ ಕೊಡುವವರ ಎದುರು ‘ನಾ ಒಲ್ಲೆ’ ಅನ್ನುವುದು ಸುಲಭವಲ್ಲ.

‘ಗುಳಿಗಿ ತಗೋತೀರಾ?’ ಅಂದರೆ ‘ಹೂಂರಿ’ ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಕೇಳುವುದು, ‘ಗುಳಿಗಿ ಚೀಟಿ ತೋರಸ್ತೀರೇನು?’ ಚೀಟಿ ಅಂದರೆ ಹತ್ತು ಮಾತ್ರೆ ಇರುವ ಹಾಳೆ. ತಾಯಿ ಕಾರ್ಡಿನ ಪ್ಲಾಸ್ಟಿಕ್ ಚೀಲದಿಂದ ಬಂತೋ, ದೇವರ ಗೂಡಿನಿಂದಲೋ, ಜೋಳದ ಡಬ್ಬಿಯ ಹಿಂದಿನಿಂದಲೋ, ಅದನ್ನೂ ಬರೆದುಕೊಳ್ಳುತ್ತೇನೆ. ಚೀಟಿ ಕೈಯಲ್ಲಿರುತ್ತದೆ: ಮೇಲಿನ ಮೂರು ಗುಳಿ ಒಡೆದಿವೆ, ಉಳಿದ ಏಳು ಹಾಗೇ ಇವೆ, ಬೆಳ್ಳಿ ಹಾಳೆಯ ಮೇಲೆ ಹಿಟ್ಟಿನ ಬೆರಳ ಗುರುತು. ಆಗ ಆ ಮೂರನೆಯದಕ್ಕೆ ಬೆರಳಿಟ್ಟು, ‘ಇದನ್ನ ತಗೊಂಡ ದಿನ ಏನು ಉಂಡಿದ್ರಿ? ಆಮ್ಯಾಲೆ ಏನಾತು?’ ಕೇಳಿ ಸುಮ್ಮನಾಗಬೇಕು. ಹತ್ತು ಸೆಕೆಂಡಿನ ಮೌನ ಸಂದರ್ಶಕರಿಗೆ ಬಲು ದೀರ್ಘ, ಹೊಸಬರು ಮಧ್ಯೆ ಬಾಯಿ ಹಾಕಿ ‘ವಾಂತಿ ಬಂತಾ?’ ಅಂದುಬಿಡುತ್ತಾರೆ. ಉತ್ತರವನ್ನು ನಾವೇ ಕೊಟ್ಟಂತಾಯಿತು.

ಬರುವ ಮಾತುಗಳು ಹೀಗಿರುತ್ತವೆ: ‘ಹೊಟ್ಟಿ ತೊಳಸತೈತಿ’, ‘ಸಂಡಾಸ ಕರ್ರಗಾತು, ಕೂಸೂ ಕರ್ರಗಾದ್ರ?’, ‘ಕೂಸು ದೊಡ್ಡದಾದ್ರ ಹಡಿಯೂದು ತ್ರಾಸು’, ‘ಕಾವಾಕ್ಕೈತ್ರಿ’. ಈ ‘ಕಾವು’, ಅಂದರೆ ಮೈಗೆ ಉಷ್ಣ ಆಗುವುದು, ಅನ್ನುವ ಪದವನ್ನು ಬರವಣಿಗೆಗೆ ಇಳಿಸುವವರು ‘ಅಡ್ಡಪರಿಣಾಮ’ ಎಂದು ತಿದ್ದಿಬಿಟ್ಟರೆ ನಮ್ಮ ಅರ್ಧ ಕೆಲಸ ಹಾಳು. ಅಡ್ಡಪರಿಣಾಮಕ್ಕೆ ಮದ್ದು ಡಾಕ್ಟರ ಹತ್ತಿರ. ಕಾವಿಗೆ ಮದ್ದು ಅವಳ ಅಡುಗೆಮನೆಯಲ್ಲೇ ಇದೆ. ಮಾತ್ರೆ ನುಂಗಿ ಮಜ್ಜಿಗೆ ಕುಡಿಯುತ್ತಾಳೆ, ಬೇಸಿಗೆಯಲ್ಲಿ ಬಿಡುತ್ತಾಳೆ. ಹಾಲು, ಮಜ್ಜಿಗೆ, ಕ್ಯಾಲ್ಸಿಯಂ ಮಾತ್ರೆ, ಚಹಾ, ಇವೆಲ್ಲ ಕಬ್ಬಿಣ ಮೈಗೆ ಹತ್ತುವುದನ್ನು ತಗ್ಗಿಸುತ್ತವೆ. ‘ರಾತ್ರಿ ಉಂಡಮ್ಯಾಲೆ ಗುಳಿಗಿ, ಮಜ್ಜಗಿ ಎರಡು ತಾಸು ಬಿಟ್ಟು’ ಅನ್ನುವ ಉಪಯೋಗದ ಮಾತು ಹುಟ್ಟುವುದು ‘ಕಾವು’ ಎಂಬ ಪದ ಹಾಳೆಯ ಮೇಲೆ ಉಳಿದಾಗ ಮಾತ್ರ.

ಹಾಗಾಗಿ ಆಡಿದ್ದನ್ನು ಆಡಿದಂತೆಯೇ ಬರೆಯಬೇಕು, ಗ್ರಂಥದ ಕನ್ನಡಕ್ಕೆ ತಿದ್ದಬಾರದು. ಒಂದು ತಾಸಿನ ಧ್ವನಿಗೆ 6 ತಾಸು, ಗುಂಪು ಚರ್ಚೆಗೆ 8 ತಾಸು ಹಿಡಿಯುತ್ತದೆ. ಬಜೆಟ್ಟಿನಲ್ಲಿ ಇದನ್ನು ಕಡಿಮೆ ತೋರಿಸಿದವರು ಕೊನೆಗೆ ಸಾರಾಂಶ ಬರೆದು ಕೈತೊಳೆದುಕೊಳ್ಳುತ್ತಾರೆ. ಟೈಪು ಯೂನಿಕೋಡಿನಲ್ಲೇ ಇರಲಿ. ಹಳೇ ನುಡಿ ಫಾಂಟಿನಲ್ಲಿ ಹೊಡೆಸಿದ್ದು ವಿಶ್ಲೇಷಣೆಯ ತಂತ್ರಾಂಶಕ್ಕೆ ಹಾಕಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ರೆಕಾರ್ಡಿಂಗಿಗೆ ಎರಡು ಫೋನು, ಎರಡೂ ಏರೋಪ್ಲೇನ್ ಮೋಡಿನಲ್ಲಿ, ಮಡಚಿದ ಟವೆಲ್ ಮೇಲೆ. ಬರೀ ಬಂಡೆಗಲ್ಲಿನ ಮೇಲಿಟ್ಟರೆ ಬಳೆಯ ಸದ್ದೇ ಮಾತಿಗಿಂತ ಜೋರು. ಫೈಲಿಗೆ ಸಂಕೇತ ಸಂಖ್ಯೆ, ಹೆಸರು ಬೇಡ.

ಮಾತಿನ ನಡುವೆ ಏದುಸಿರು, ಮುಖ ಊದಿದ್ದು, ಅಥವಾ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಕಂಡರೆ ಸಂದರ್ಶನ ಅಲ್ಲಿಗೇ ನಿಲ್ಲಿಸುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು, ಬೇಕಾದರೆ 108. ಆ ಫೋನ್ ನಂಬರುಗಳು ಪ್ರಶ್ನಾವಳಿಯ ಮೊದಲ ಪುಟದಲ್ಲೇ ಇರಬೇಕು.

ಮೊದಲ 10 ಬರಹಗಳನ್ನು ಇಬ್ಬರು ಪ್ರತ್ಯೇಕವಾಗಿ ಓದಿ, ಸಾಲಿನ ಪಕ್ಕ ಅದು ಏನು ಹೇಳುತ್ತದೆ ಅನ್ನುವ ಗುರುತುಪದ ಬರೆಯುತ್ತೇವೆ, ಕನ್ನಡದಲ್ಲೇ. ಕೂಡಿ ಕೂತಾಗ ಜಗಳ ಬರಬೇಕು. ಬರದಿದ್ದರೆ ಒಬ್ಬರು ಓದಿಲ್ಲ ಅಂತ ನನ್ನ ಲೆಕ್ಕ. ಇಂಗ್ಲಿಷಿಗೆ ಹೋಗುವುದು ವರದಿಯಲ್ಲಿ ಉಲ್ಲೇಖಿಸುವ ಸಾಲುಗಳು ಮಾತ್ರ, ‘ಕಾವು’ ಅಲ್ಲೂ ಕಾವಾಗಿಯೇ ಇರುತ್ತದೆ.

ಆಮೇಲೆ ಅದೇ ಕೇರಿಗೆ ವಾಪಸು. ಓದು ಬರದವರ ಮುಂದೆ ವರದಿ ಓದಿ ಪ್ರಯೋಜನವಿಲ್ಲ. ಒಂದೊಂದು ಕಾರಣಕ್ಕೆ ಒಂದು ಚಿತ್ರದ ಕಾರ್ಡು ಮಾಡಿ ನೆಲದ ಮೇಲೆ ಹರಡಿ, ‘ನಮಗ ಹಿಂಗ ತಿಳದೈತಿ, ಯಾವುದು ಮುಂದ, ಯಾವುದು ಹಿಂದ?’ ಅಂತ ಕೇಳುತ್ತೇವೆ. ನಾವು ಮೊದಲಿಟ್ಟ ಕಾರ್ಡನ್ನು ಯಾರಾದರೂ ಎತ್ತಿ ಕೊನೆಗಿಟ್ಟರೆ, ಯಾಕೆ ಅಂತ ಕೇಳಿ, ಫೋಟೊ ತೆಗೆದು, ದಿನಾಂಕ ಹಾಕಿ ಅದನ್ನೂ ವರದಿಗೆ ಸೇರಿಸುತ್ತೇವೆ.